ಐದನೆಯ ಉಗುರು

ನಮ್ಮ ಕಡೆಯ ಮನೆಗಳಲ್ಲಿ ಉಪ್ಪಿನಕಾಯಿ ಹಾಕಿಡುವ ಪಾತ್ರೆಗೆ ಚೀನಿ ಭರಣಿ ಎಂದು ಹೆಸರು. ಚಹಾ ಕುಡಿಯುವ ಕಪ್ಪು ಬಶಿಗಳಿಗೂ ಹಿರಿಯರು ಚೀನಿಯ ಸಾಮಾನು ಎಂದೇ ಹೇಳುತ್ತಿದ್ದರು. ನಿಜಾಮರ ಆಳ್ವಿಕೆಯಲ್ಲಿ ಉರ್ದುವಿನ ಮೂಲಕ ಕಲಿತ ನಮ್ಮ ಹಿಂದಿನ ತಲೆಮಾರಿನವರಿಗೆ ಚೀನಿ ಎಂದರೆ ಸಕ್ಕರೆಯೂ ಹೌದು, ಬಿಳಿಯ ಪಾತ್ರೆಯೂ ಹೌದು. ಗ್ರಂಥಗಳ ಕನ್ನಡದಲ್ಲಿ ನಾವು ಬಳಸುವ ಪಿಂಗಾಣಿ ಎಂಬ ಶಬ್ದಕ್ಕಾದರೋ ಬಟ್ಟಲು ಎಂಬ ಅರ್ಥದ ಪಾರಸಿಯ ಪಿಂಗಾನ್ ಎಂಬ ಮಾತಿನ ನಂಟಿದೆ. ಒಂದು ದೇಶದ ಹೆಸರೇ ಒಂದು ವಸ್ತುವಿನ ಹೆಸರಾಗಿ ದಂಡೋತಿಯಂತಹ ಹಳ್ಳಿಯ ಅಡುಗೆಮನೆಯವರೆಗೆ ಬಂದು ಕುಳಿತುಕೊಳ್ಳಬೇಕಾದರೆ ಅದರ ಹಿಂದೆ ದೀರ್ಘವಾದ ಇತಿಹಾಸವಿರಲೇಬೇಕು.

ಈ ವಿಷಯವನ್ನು ಬರೆಯಲು ಒಂದು ನಿಮಿತ್ತ ಒದಗಿತು. ಹೊರದೇಶದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತನ್ನ ತಾಯಿಗೆ ಚೀನಾದ ಹೂದಾನಿಯೊಂದನ್ನು ಕಳುಹಿಸಿದ್ದನು. ಅದರ ಸುತ್ತಲೂ ನೀಲಿ ಬಣ್ಣದಲ್ಲಿ ಒಂದು ಡ್ರ್ಯಾಗನ್ ಸುತ್ತಿಕೊಂಡಿತ್ತು. ಮನೆಗೆ ಬಂದ ನೆಂಟರು ಅದನ್ನು ನೋಡಿ, ಇದು ರಾಕ್ಷಸ ಸರ್ಪ, ದೇವರ ಕೋಣೆಯ ಎದುರಿಗೆ ಇಡಬಾರದು ಎಂದು ಹೇಳಿದರಂತೆ. ಆ ತಾಯಿ ಅದನ್ನು ಅಟ್ಟಕ್ಕೇರಿಸಿದರು. "ಸರ್, ಇಂಥ ಭೀಕರ ಪ್ರಾಣಿಯನ್ನು ಆ ದೇಶದ ಚಕ್ರವರ್ತಿಗಳು ತಾವು ಉಣ್ಣುವ ತಟ್ಟೆಯ ಮೇಲೆಯೇ ಏಕೆ ಬರೆಸಿಕೊಂಡರು?" ಎಂದು ಅವನು ಕೇಳಿದ್ದಾನೆ. ಪ್ರಶ್ನೆ ಸಣ್ಣದಾಗಿ ಕಾಣುತ್ತದೆ, ಉತ್ತರ ಸಣ್ಣದಲ್ಲ.

ಮೊದಲು ನಮ್ಮ ಊರಿನಿಂದಲೇ ಆರಂಭಿಸುತ್ತೇನೆ. ದಂಡೋತಿಯ ಪಕ್ಕದಲ್ಲಿ ಹರಿಯುವ ಕಾಗಿಣಾ ನದಿಯ ದಂಡೆಯ ಮೇಲೆಯೇ ಸೇಡಂ ತಾಲ್ಲೂಕಿನ ಮಳಖೇಡವಿದೆ ಎಂಬುದನ್ನು ನೀವೆಲ್ಲ ಬಲ್ಲಿರಿ. ಅದು ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಅಮೋಘವರ್ಷ ನೃಪತುಂಗನು 814ರಿಂದ 878ರವರೆಗೆ ಆಳಿದವನು. ಅವನ ಆಳ್ವಿಕೆಯ ನಡುವೆ, ಕ್ರಿ.ಶ. 851ರಲ್ಲಿ, ಅರಬ್ಬೀ ಭಾಷೆಯಲ್ಲಿ ಚೀನಾ ಮತ್ತು ಭಾರತದ ವೃತ್ತಾಂತಗಳನ್ನು ಹೇಳುವ ಒಂದು ಗ್ರಂಥ ಸಿದ್ಧವಾಯಿತು. ಸುಲೈಮಾನ್ ಎಂಬ ವರ್ತಕನ ಹೆಸರಿನಲ್ಲಿ ಅದು ಪ್ರಸಿದ್ಧವಾಗಿದೆ. ಜಗತ್ತಿನ ನಾಲ್ವರು ಮಹಾರಾಜರಲ್ಲಿ ಅರಬರ ಖಲೀಫ, ಚೀನಾದ ಚಕ್ರವರ್ತಿ, ರೂಮಿನ ಅರಸ ಇವರೊಂದಿಗೆ ಬಲ್ಹರಾ ಎಂಬ ಭಾರತೀಯ ದೊರೆಯನ್ನೂ ಅದು ಎಣಿಸುತ್ತದೆ. ಬಲ್ಹರಾ ಎಂದರೆ ವಲ್ಲಭರಾಜ, ಅಂದರೆ ನಮ್ಮ ಮಳಖೇಡದ ರಾಷ್ಟ್ರಕೂಟ ದೊರೆ. ಇದನ್ನು ಪಾಠ ಹೇಳುವಾಗ ನಾನು ತರಗತಿಯಲ್ಲಿ ಹೇಳುತ್ತಿದ್ದೆ, ನಿಮಗೆ ನೆನಪಿರಬಹುದು. ಆದರೆ ಅದೇ ಪುಸ್ತಕದಲ್ಲಿ ಇನ್ನೊಂದು ಸಂಗತಿಯಿದೆ. ಚೀನೀಯರಲ್ಲಿ ಉತ್ಕೃಷ್ಟವಾದ ಒಂದು ಮಣ್ಣಿದೆ, ಅದರಿಂದ ಅವರು ಗಾಜಿನಷ್ಟು ತೆಳುವಾದ ಬಟ್ಟಲುಗಳನ್ನು ಮಾಡುತ್ತಾರೆ, ಒಳಗಿನ ನೀರು ಹೊರಗಿನಿಂದ ಕಾಣಿಸುತ್ತದೆ, ಆದರೂ ಅದು ಮಣ್ಣೇ ಎಂದು ಅದು ಬೆರಗುಪಡುತ್ತದೆ. ಹೀಗೆ ಒಂದೇ ಹೊತ್ತಗೆಯಲ್ಲಿ ಮಳಖೇಡದ ಅರಸನೂ ಚೀನಾದ ಪಿಂಗಾಣಿಯೂ ನೆರೆಹೊರೆಯಾಗಿ ಕುಳಿತಿವೆ. ಆಗಿನ್ನೂ ಡ್ರ್ಯಾಗನ್ ಬರೆದ ನೀಲಿ ಬಿಳಿ ಪಾತ್ರೆಗಳು ರೂಢಿಗೆ ಬಂದಿರಲಿಲ್ಲ. ಅದಕ್ಕೆ ಇನ್ನೂ ಐದು ನೂರು ವರ್ಷ ಬೇಕಾಯಿತು.

ಪಿಂಗಾಣಿಯೆಂದರೆ ಬರಿಯ ಬಿಳಿ ಮಣ್ಣಲ್ಲ. ಜಿಯಾಂಗ್‌ಷಿ ಪ್ರಾಂತದ ಜಿಂಗ್‌ದೆಝೆನ್ ಎಂಬ ಪಟ್ಟಣದಲ್ಲಿ ಎರಡು ದ್ರವ್ಯಗಳನ್ನು ಕೂಡಿಸುತ್ತಿದ್ದರು. ಒಂದು, ಕುಟ್ಟಿ ಪುಡಿಮಾಡಿದ ಪಿಂಗಾಣಿ ಕಲ್ಲು. ಇನ್ನೊಂದು, ಗಾವೊಲಿಂಗ್ ಎಂಬ ಹಳ್ಳಿಯ ಬಿಳಿ ಜೇಡಿ. ಇಂದು ಲೋಕವೆಲ್ಲ ಕೆಯೊಲಿನ್ ಎಂದು ಕರೆಯುವುದು ಆ ಹಳ್ಳಿಯ ಹೆಸರನ್ನೇ. ಸುಮಾರು 1300 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಇವೆರಡೂ ಕರಗಿ ಒಂದಾಗಿ ಕಲ್ಲಿನಂತೆ ಗಟ್ಟಿಯಾಗುತ್ತವೆ, ಬೆರಳಿನಿಂದ ತಟ್ಟಿದರೆ ಗಂಟೆಯಂತೆ ನುಡಿಯುತ್ತವೆ. ನಮ್ಮ ಕುಂಬಾರರ ಆವಿಗೆಯಲ್ಲಿ ಅಷ್ಟು ಬೆಂಕಿ ಏಳುವುದಿಲ್ಲ. ಮೇಲಿನ ಹೊಳಪಿಗೆ ಬಳಸುತ್ತಿದ್ದುದು ಏನು ಬಲ್ಲಿರಾ? ಸುಣ್ಣದ ಕಲ್ಲು. ಅದನ್ನು ಜರೀಗಿಡದ ಸೊಪ್ಪಿನೊಂದಿಗೆ ಪದರ ಪದರವಾಗಿ ಒಟ್ಟಿ ಸುಟ್ಟು, ಆ ಬೂದಿಯನ್ನು ಪಿಂಗಾಣಿ ಕಲ್ಲಿನ ಹಿಟ್ಟಿನೊಂದಿಗೆ ನೀರಿನಲ್ಲಿ ಕಲಸುತ್ತಿದ್ದರು. ಶಹಾಬಾದ, ವಾಡಿ, ಚಿತ್ತಾಪುರಗಳ ನೆಲವೆಲ್ಲ ಸುಣ್ಣದ ಕಲ್ಲೇ ಆಗಿರುವುದರಿಂದ ನಮ್ಮವರಿಗೆ ಇದು ಆಸಕ್ತಿಯ ವಿಷಯ. ನಾವು ಆ ಕಲ್ಲನ್ನು ಹಾಸುಗಲ್ಲಾಗಿಯೂ ಸಿಮೆಂಟಾಗಿಯೂ ಕಂಡೆವು. ಅವರು ಅದನ್ನು ಕನ್ನಡಿಯ ಹೊಳಪಾಗಿ ಕಂಡರು.

ನೀಲಿ ಬಣ್ಣ ಕೊಬಾಲ್ಟ್ ಎಂಬ ಲೋಹದ ಅದಿರಿನದು. ಮೊದಮೊದಲು ಉತ್ತಮ ಕೊಬಾಲ್ಟ್ ಪರ್ಷಿಯಾದ ಕಡೆಯಿಂದ ಚೀನಾಕ್ಕೆ ಬರುತ್ತಿತ್ತು. ಸುಡದ ಹಸಿ ಪಾತ್ರೆಯ ಮೇಲೆ ಕುಂಚದಿಂದ ಬರೆದರೆ ಮಣ್ಣು ಕೂಡಲೇ ಬಣ್ಣವನ್ನು ಹೀರಿಕೊಳ್ಳುತ್ತದೆ. ಒಮ್ಮೆ ಎಳೆದ ಗೆರೆಯನ್ನು ಅಳಿಸುವಂತಿಲ್ಲ. ಬರೆಯುವಾಗ ಅದು ಮಂಕಾದ ಬೂದು ಕಪ್ಪು, ನೀಲಿಯಾಗುವುದು ಬೆಂಕಿಯಲ್ಲಿ. ಜಿಂಗ್‌ದೆಝೆನ್‌ನಲ್ಲಿದ್ದ ದಾಂತ್ರೆಕೋಲ್ ಎಂಬ ಫ್ರೆಂಚ್ ಜೆಸುಇಟ್ ಪಾದ್ರಿ 1712ರಲ್ಲಿ ಬರೆದ ಪತ್ರದಲ್ಲಿ, ಒಂದು ಪಾತ್ರೆ ಪೂರ್ಣವಾಗುವುದರೊಳಗೆ ಎಪ್ಪತ್ತು ಜನರ ಕೈ ದಾಟುತ್ತದೆಂದು ಹೇಳುತ್ತಾರೆಂದು ತಿಳಿಸಿದ್ದಾನೆ. ಒಬ್ಬನು ಗೆರೆ ಎಳೆದರೆ ಇನ್ನೊಬ್ಬನು ಬಣ್ಣ ತುಂಬುತ್ತಿದ್ದನು. ಆದುದರಿಂದ ಆ ಪಾತ್ರೆಗಳ ಮೇಲೆ ಚಕ್ರವರ್ತಿಯ ಹೆಸರಿರುತ್ತದೆಯೇ ಹೊರತು ಕುಂಬಾರನ ಹೆಸರಿರುವುದಿಲ್ಲ.

ಇನ್ನು ಡ್ರ್ಯಾಗನ್. ಈ ಪ್ರಾಣಿಯ ವಿಷಯದಲ್ಲಿ ನಮ್ಮನ್ನು ದಾರಿ ತಪ್ಪಿಸಿದ್ದು ಭಾಷಾಂತರ. ಯುರೋಪಿನ ಕಥೆಗಳಲ್ಲಿ ಡ್ರ್ಯಾಗನ್ ಬೆಂಕಿಯುಗುಳುವ ದುಷ್ಟ ಜಂತು. ಸಂತ ಜಾರ್ಜನು ಅದನ್ನು ಈಟಿಯಿಂದ ಇರಿದು ಕೊಲ್ಲುತ್ತಾನೆ. ಕನ್ನಡ ಬೈಬಲ್ಲಿನಲ್ಲಿ ಅದಕ್ಕೆ ಘಟಸರ್ಪ ಎಂಬ ಶಬ್ದವನ್ನು ಬಳಸಿದರು, ಅಲ್ಲಿ ಅದು ಸೈತಾನನೇ ಸರಿ. ಚೀನೀಯರು ಲೊಂಗ್ ಎಂದು ಕರೆಯುವ ಪ್ರಾಣಿಗೂ ಪಾಶ್ಚಾತ್ಯರು ಇದೇ ಹೆಸರನ್ನು ಅಂಟಿಸಿದ್ದರಿಂದ ಅದರ ಮೇಲೆ ಇಲ್ಲದ ಪಾಪ ಹೊರಿಸಿದಂತಾಯಿತು. ಲೊಂಗ್ ಬೆಂಕಿಯ ಪ್ರಾಣಿಯಲ್ಲ, ನೀರಿನ ಪ್ರಾಣಿ. ಕ್ರಿ.ಶ. 100ರ ಸುಮಾರಿಗೆ ಸಿದ್ಧವಾದ ಚೀನಾದ ಪ್ರಾಚೀನ ನಿಘಂಟೊಂದರ ಪ್ರಕಾರ ಅದು ವಸಂತ ವಿಷುವದಲ್ಲಿ ಆಕಾಶಕ್ಕೇರುತ್ತದೆ, ಶರದ್ ವಿಷುವದಲ್ಲಿ ಆಳವಾದ ಮಡುವಿಗೆ ಇಳಿಯುತ್ತದೆ. ಅಂದರೆ ಒಕ್ಕಲಿಗನ ವರ್ಷವೇ ಒಂದು ದೇಹ ತಳೆದಂತೆ. ಪಿಂಗಾಣಿಯ ಮೇಲೆ ಅದರ ಸುತ್ತ ಯಾವಾಗಲೂ ಮೋಡಗಳನ್ನೋ ಅಲೆಗಳನ್ನೋ ಬರೆದಿರುವುದು ಅಲಂಕಾರಕ್ಕಾಗಿ ಮಾತ್ರವಲ್ಲ. ಮೋಡವಿದ್ದರೆ ಮಳೆ ಕೊಡುವ ಡ್ರ್ಯಾಗನ್, ಅಲೆಯಿದ್ದರೆ ಕಡಲಿನಿಂದ ಏಳುತ್ತಿರುವ ಡ್ರ್ಯಾಗನ್ ಎಂದು ಓದಿಕೊಳ್ಳಬೇಕು. ಅದು ಬೆನ್ನಟ್ಟುವ ಜ್ವಾಲೆಯ ಮುತ್ತನ್ನು ಕೆಲವರು ಚಂದ್ರನೆಂದೂ ಕೆಲವರು ಸಿಡಿಲೆಂದೂ ಬೌದ್ಧರು ಚಿಂತಾಮಣಿಯೆಂದೂ ಅರ್ಥ ಮಾಡಿದ್ದಾರೆ.

ಕ್ರಿಸ್ತಪೂರ್ವ ಎರಡನೆಯ ಶತಮಾನದ ದೊಂಗ್ ಝೊಂಗ್‌ಷು ಎಂಬ ಪಂಡಿತನ ಹೆಸರಿನಲ್ಲಿ ಬಂದಿರುವ ಗ್ರಂಥದಲ್ಲಿ ಅನಾವೃಷ್ಟಿಯ ಕಾಲದಲ್ಲಿ ಮಣ್ಣಿನ ಡ್ರ್ಯಾಗನ್‌ಗಳನ್ನು ಮಾಡಿ ಪೂಜಿಸುವ ವಿಧಿಯಿದೆ. ಇದನ್ನು ಓದಿದಾಗ ನನಗೆ ಗುರ್ಜಿಯ ನೆನಪಾಯಿತು. ಮಳೆ ಹೋದ ವರ್ಷಗಳಲ್ಲಿ ರೊಟ್ಟಿಯ ಹಂಚಿನ ಮೇಲೆ ಮಣ್ಣಿನ ಗುರ್ಜಿಯನ್ನು ಇಟ್ಟು, ಹುಡುಗನೊಬ್ಬನ ತಲೆಯ ಮೇಲೆ ಹೊರಿಸಿ, ಮನೆಮನೆಯ ಮುಂದೆ ತಂಬಿಗೆ ನೀರು ಸುರಿಸಿಕೊಂಡು ಹೋಗುವುದನ್ನು ಉತ್ತರ ಕರ್ನಾಟಕದ ಹಳ್ಳಿಗಳವರೆಲ್ಲ ಬಲ್ಲರು. ಮುಂಗಾರಿನ ಮೊದಲಲ್ಲಿ ಮಣ್ಣೆತ್ತಿನ ಅಮಾವಾಸ್ಯೆ ಇದ್ದೇ ಇದೆ. ಮಳೆಯನ್ನು ಕರೆಯಲು ಮಣ್ಣನ್ನೇ ಪ್ರಾಣಿಯಾಗಿಸಬೇಕೆಂಬ ಬುದ್ಧಿ ಕಾಗಿಣೆಯ ದಂಡೆಗೂ ಹಳದಿ ನದಿಯ ದಂಡೆಗೂ ಸಮಾನವಾಗಿ ಹೊಳೆದಿದೆ. ಯಾರಿಂದ ಯಾರು ಕಲಿತರೆಂಬ ಪ್ರಶ್ನೆ ಇಲ್ಲಿ ಅನಾವಶ್ಯಕ. ಬಾಯಾರಿಕೆ ಎಲ್ಲ ಕಡೆಯೂ ಒಂದೇ.

ರೂಪದಲ್ಲಿಯೂ ಅದು ನಮಗೆ ಅಪರಿಚಿತವಲ್ಲ. ಚೀನೀಯರು ಲೊಂಗ್‌ಗೆ ಒಂಬತ್ತು ಸಾದೃಶ್ಯಗಳನ್ನು ಹೇಳುತ್ತಾರೆ. ಸಾರಂಗದ ಕೊಂಬು, ಒಂಟೆಯ ತಲೆ, ಹಾವಿನ ಕುತ್ತಿಗೆ, ಮೀನಿನ ಹುರುಪೆ, ಹದ್ದಿನ ಉಗುರು, ಹುಲಿಯ ಅಂಗಾಲು, ಎತ್ತಿನ ಕಿವಿ ಹೀಗೆ. ಈಗ ನಮ್ಮ ದೇವಾಲಯಗಳ ಮಕರತೋರಣವನ್ನು ಕಣ್ಣಮುಂದೆ ತಂದುಕೊಳ್ಳಿರಿ. ಆನೆಯ ಸೊಂಡಿಲು, ಮೊಸಳೆಯ ಬಾಯಿ, ಸಿಂಹದ ಕಾಲು, ನವಿಲಿನ ಬಾಲ. ಮಕರವೂ ನೀರಿನ ಪ್ರಾಣಿಯೇ. ಗಂಗೆಗೂ ವರುಣನಿಗೂ ಅದು ವಾಹನ. ಗರ್ಭಗುಡಿಯ ಅಭಿಷೇಕದ ನೀರು ಹೊರಗೆ ಬರುವ ಪ್ರಣಾಳಕ್ಕೆ ನಮ್ಮ ಶಿಲ್ಪಿಗಳು ಮಕರದ ಮುಖ ಕೊಟ್ಟರು. ಬೀಜಿಂಗಿನ ಅರಮನೆಯ ಜಗಲಿಗಳಿಂದ ಮಳೆನೀರು ಹೊರಚಿಮ್ಮುವುದು ಕಲ್ಲಿನ ಡ್ರ್ಯಾಗನ್ ಬಾಯಿಗಳಿಂದ. ಮಕರವು ಬೌದ್ಧಧರ್ಮದೊಂದಿಗೆ ಚೀನಾಕ್ಕೂ ಹೋಗಿದೆ. ಅಲ್ಲಿ ಅದಕ್ಕೆ ಮೋಜಿಯೆ ಎಂದು ಹೆಸರಾಯಿತು, ರೆಕ್ಕೆಗಳು ಬಂದವು, ಹಸಿರು ಹೊಳಪಿನ ಬಟ್ಟಲುಗಳೊಳಗೆ ಅದು ಈಜತೊಡಗಿತು.

ಇದಕ್ಕಿಂತಲೂ ಗಾಢವಾದ ಸಂಬಂಧ ನಾಗನದು. ಬೌದ್ಧಗ್ರಂಥಗಳನ್ನು ಚೀನೀ ಭಾಷೆಗೆ ತಂದ ಭಿಕ್ಷುಗಳು ನಾಗ ಎಂಬ ಸಂಸ್ಕೃತ ಶಬ್ದ ಬಂದೆಡೆಯಲ್ಲೆಲ್ಲ ಲೊಂಗ್ ಎಂದು ಬರೆದರು. ನಾಗರಾಜನು ಡ್ರ್ಯಾಗನ್ ರಾಜನಾದನು. ನಾಲ್ಕು ದಿಕ್ಕಿನ ಕಡಲುಗಳಿಗೂ ಒಬ್ಬೊಬ್ಬ ಡ್ರ್ಯಾಗನ್ ದೊರೆಯುಂಟೆಂಬ ಕಥೆಗಳು ಬೆಳೆದವು. ನಮ್ಮ ಚಿತ್ತಾಪುರ ತಾಲ್ಲೂಕಿನ ಸನ್ನತಿಯನ್ನು ಇಲ್ಲಿ ಸ್ಮರಿಸಬೇಕು. 1986ರಲ್ಲಿ ಅಲ್ಲಿಯ ಚಂದ್ರಲಾಂಬಾ ಗುಡಿಯ ಆವರಣದ ಕಾಳಿಕಾ ದೇವಾಲಯದ ಛಾವಣಿ ಕುಸಿದಾಗ ವಿಗ್ರಹದ ಪೀಠದ ಕಲ್ಲಿನ ಮೇಲೆ ಅಶೋಕನ ಶಾಸನ ಬೆಳಕಿಗೆ ಬಂದಿತು. ಬಳಿಕ ಸಮೀಪದ ಕನಗನಹಳ್ಳಿಯಲ್ಲಿ ಬೌದ್ಧ ಸ್ತೂಪವನ್ನೇ ಅಗೆದು ತೆಗೆದರು. ಅಲ್ಲಿಯ ಚಪ್ಪಡಿಗಳಲ್ಲಿ ಹಲವು ಹೆಡೆಗಳನ್ನೆತ್ತಿದ ನಾಗನ ಶಿಲ್ಪಗಳಿವೆ. ಬುದ್ಧನಿಗೆ ಮಳೆಯಲ್ಲಿ ಹೆಡೆಯ ಕೊಡೆ ಹಿಡಿದ ಮುಚಲಿಂದನ ಕಥೆಯನ್ನು ನೀವು ಬಲ್ಲಿರಿ. ಚೀನೀ ಭಾಷೆಯ ಬುದ್ಧಚರಿತ್ರೆಯನ್ನು ಓದುವವನಿಗೆ ಆ ಮುಚಲಿಂದನು ಒಬ್ಬ ಡ್ರ್ಯಾಗನ್. ನಮ್ಮ ವೇದದಲ್ಲಿ ನೀರನ್ನು ತಡೆದು ಮಲಗಿದ ವೃತ್ರನೆಂಬ ಸರ್ಪವನ್ನು ಇಂದ್ರನು ಕೊಂದು ನೀರು ಬಿಡಿಸಿದನು, ನಿಜ. ಆದರೆ ಅದೇ ನಾವು ಶ್ರಾವಣದಲ್ಲಿ ಹುತ್ತಕ್ಕೆ ಹಾಲೆರೆಯುತ್ತೇವೆ, ಬಾವಿಯ ಬಳಿ ನಾಗರಕಲ್ಲು ನೆಡುತ್ತೇವೆ. ಹೂದಾನಿಯನ್ನು ಅಟ್ಟಕ್ಕೇರಿಸಿದ ನೆಂಟರು ಪಂಚಮಿಯ ದಿನ ಹಾಲೆರೆಯುವವರೇ ಆಗಿದ್ದಾರೆಂದು ನಾನು ಬಲ್ಲೆ!

ಹಾಗಾದರೆ ರೈತರ ಮಳೆದೈವ ಚಕ್ರವರ್ತಿಯ ಸ್ವಂತ ಸೊತ್ತಾದುದು ಹೇಗೆ? ಮಳೆ ತರಿಸುವವನೇ ದೊರೆ ಎಂಬ ನಂಬಿಕೆ ಅಲ್ಲಿ ಬಹಳ ಹಳೆಯದು. ಚಕ್ರವರ್ತಿ ಸ್ವರ್ಗಪುತ್ರ; ಮಳೆ ತಪ್ಪಿದರೆ ಅವನ ಅಧಿಕಾರವೇ ತಪ್ಪುತ್ತದೆ. ಆದುದರಿಂದ ಮಳೆಯ ಪ್ರಾಣಿಯನ್ನು ಅವನು ತನ್ನ ನಿಲುವಂಗಿಯ ಮೇಲೆ, ಸಿಂಹಾಸನದ ಮೇಲೆ, ತಟ್ಟೆಯ ಮೇಲೆ ಧರಿಸಿಕೊಂಡನು. ಆಮೇಲೆ ಅದನ್ನು ಇತರರು ಧರಿಸದಂತೆ ಮಾಡಿದನು. 14ನೆಯ ಶತಮಾನದ ಪೂರ್ವಾರ್ಧದಲ್ಲಿ ಯುವಾನ್ ವಂಶದ ಮಂಗೋಲ್ ದೊರೆಗಳು ಎರಡು ಕೊಂಬು ಮತ್ತು ಐದು ಉಗುರುಗಳಿರುವ ಡ್ರ್ಯಾಗನ್ ಚಿತ್ರದ ಬಟ್ಟೆಗಳನ್ನು ಸಾಮಾನ್ಯರು ತೊಡಬಾರದೆಂದು ಆಜ್ಞೆ ಹೊರಡಿಸಿದರು. ಐದು ಉಗುರು ಅರಸನಿಗೆ, ಅದಕ್ಕಿಂತ ಕಡಿಮೆಯವು ಉಳಿದವರಿಗೆ. ಲೋಕಪ್ರಸಿದ್ಧವಾದ ಒಂದು ಜೋಡಿ ಹೂದಾನಿಗಳು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ಒಬ್ಬ ಭಕ್ತನು ದೇವಾಲಯಕ್ಕೆ ಒಪ್ಪಿಸಿದ ಅವುಗಳ ಕೊರಳಿನ ಮೇಲಿನ ಬರಹ 1351ನೆಯ ಇಸವಿಗೆ ಸಲ್ಲುತ್ತದೆ. ಅವುಗಳ ಹಿಡಿಕೆಗಳು ಆನೆಯ ತಲೆಗಳು. ಒಡಲಿನ ಸುತ್ತ ಸುತ್ತಿರುವ ಡ್ರ್ಯಾಗನ್‌ಗೆ ಉಗುರು ನಾಲ್ಕೇ. ಕಾಲದ ಅಂದಾಜು ಬೇಕಾದವರು ನೆನಪಿಟ್ಟುಕೊಳ್ಳಿರಿ: ಅದಕ್ಕೆ ನಾಲ್ಕು ವರ್ಷ ಮೊದಲು, 1347ರಲ್ಲಿ, ಬಹಮನಿ ರಾಜ್ಯ ಸ್ಥಾಪನೆಯಾಗಿ ಕಲಬುರಗಿ ರಾಜಧಾನಿಯಾಗುವುದರಲ್ಲಿತ್ತು.

ಮಿಂಗ್ ವಂಶದವರು ಈ ವ್ಯವಸ್ಥೆಯನ್ನು ಇನ್ನಷ್ಟು ಬಿಗಿಗೊಳಿಸಿದರು. ಷ್ವಾಂದೆ ಚಕ್ರವರ್ತಿಯ ಕಾಲದಲ್ಲಿ, 1433ರಲ್ಲಿ, ಅರಮನೆಯ ಅಡುಗೆಮನೆಯ ಅಧಿಕಾರಿಗಳು ಡ್ರ್ಯಾಗನ್ ಮತ್ತು ಫೀನಿಕ್ಸ್ ಚಿತ್ರಗಳ 4,43,500 ಪಾತ್ರೆಗಳಿಗೆ ಬೇಡಿಕೆ ಸಲ್ಲಿಸಿದರೆಂದು ಮಿಂಗ್ ಆಡಳಿತ ಸಂಹಿತೆಯಲ್ಲಿ ದಾಖಲಾಗಿದೆ. ವಿಜಯನಗರದಲ್ಲಿ ಆಗ ಇಮ್ಮಡಿ ದೇವರಾಯನು ಆಳುತ್ತಿದ್ದನು. ಕಲ್ಲಿಕೋಟೆಗೆ ಬಂದುಹೋಗುತ್ತಿದ್ದ ಝೆಂಗ್ ಹೆ ನಾವಿಕಪಡೆಯ ಕೊನೆಯ ಯಾತ್ರೆ ಮುಗಿದುದೂ ಅದೇ ವರ್ಷ. ನಾಲ್ಕು ಲಕ್ಷದ ಸಂಖ್ಯೆಯನ್ನು ಓದುವಾಗ ಇನ್ನೊಂದು ಸಂಗತಿಯನ್ನು ಮರೆಯಬಾರದು. ಅರಸನಿಗಾಗಿ ಮಾಡಿದ ಪಾತ್ರೆಯಲ್ಲಿ ಲೋಪ ಕಂಡರೆ ಅದನ್ನು ಮಾರುವಂತಿರಲಿಲ್ಲ, ಕುಂಬಾರನು ತನ್ನ ಮನೆಗೆ ಒಯ್ಯುವಂತಿರಲಿಲ್ಲ. ಐದು ಉಗುರಿನ ಚಿತ್ರ ಅನ್ಯರ ಕೈಗೆ ಹೋಗಬಾರದೆಂದು ಅದನ್ನು ಒಡೆದು ಹೂಳುತ್ತಿದ್ದರು. 1980ರ ದಶಕದಿಂದ ಜಿಂಗ್‌ದೆಝೆನ್‌ನ ಝುಷಾನ್ ದಿಬ್ಬದಲ್ಲಿ ನಡೆದ ಉತ್ಖನನಗಳಲ್ಲಿ ಇಂತಹ ಚೂರುಗಳ ರಾಶಿಗಳೇ ದೊರೆತಿವೆ. ಅವನ್ನು ಜೋಡಿಸಿದಾಗ, ಯಾವ ಅರಮನೆಯ ಸಂಗ್ರಹದಲ್ಲಿಯೂ ಉಳಿಯದ ಮಾದರಿಗಳು ಎದ್ದು ಬಂದಿವೆ. ತಿರಸ್ಕರಿಸಿದ್ದೇ ಇತಿಹಾಸಕಾರನಿಗೆ ಉಳಿದದ್ದು. ಅರಮನೆಯಿಂದ ಹೊರಗೆ ಹೋದ ಕೆಲವು ಪಾತ್ರೆಗಳ ಮೇಲೆ ಐದನೆಯ ಉಗುರನ್ನು ಮಾತ್ರ ಉಜ್ಜಿ ಅಳಿಸಿದ ಗುರುತುಗಳಿವೆ. ಉಳಿದ ಪ್ರಾಣಿ ಹಾಗೆಯೇ ಇದೆ, ಮೀಸೆ ಇದೆ, ಕೊಂಬು ಇದೆ; ಒಂದು ಉಗುರು ಹೋದೊಡನೆ ಅದು ಚಕ್ರವರ್ತಿಯದಲ್ಲ!

ಛಿಂಗ್ ವಂಶದ ಅರಮನೆಯಲ್ಲಂತೂ ಊಟದ ತಟ್ಟೆಯನ್ನು ನೋಡಿಯೇ ರಾಣಿಯ ಅಂತಸ್ತನ್ನು ತಿಳಿಯಬಹುದಾಗಿತ್ತು. ಒಳಗೂ ಹೊರಗೂ ಹಳದಿಯಾದ ಪಾತ್ರೆ ರಾಜಮಾತೆಗೂ ಪಟ್ಟದರಸಿಗೂ. ಅದರ ಕೆಳಗಿನವಳಿಗೆ ಹೊರಗೆ ಹಳದಿ, ಒಳಗೆ ಬಿಳಿ. ಇನ್ನೂ ಕೆಳಗಿನವರಿಗೆ ಹಳದಿಯ ಮೇಲೆ ಹಸಿರು ಡ್ರ್ಯಾಗನ್, ಆಮೇಲೆ ನೀಲಿಯ ಮೇಲೆ ಹಳದಿ ಡ್ರ್ಯಾಗನ್, ಬಳಿಕ ಹಸಿರಿನ ಮೇಲೆ ನೇರಳೆ ಡ್ರ್ಯಾಗನ್. ಪಂಕ್ತಿಭೇದವೆಂಬುದನ್ನು ನಾವು ನಮ್ಮ ದೇಶದ ವಿಶೇಷವೆಂದು ತಿಳಿದಿದ್ದೇವೆ. ಅಲ್ಲಿ ಪಂಕ್ತಿಯನ್ನು ಬಟ್ಟಲಿನ ಮೇಲೆಯೇ ಬರೆದು ಆವಿಗೆಯಲ್ಲಿ ಸುಟ್ಟು ಗಟ್ಟಿ ಮಾಡಿದ್ದರು.

ದಖ್ಖನ್ನಿಗೆ ಬಂದ ಪಿಂಗಾಣಿಯಲ್ಲಿ ಹೆಚ್ಚಿನದು ವ್ಯಾಪಾರದ ಸರಕು. ಹಂಪಿಯ ಉತ್ಖನನಗಳಲ್ಲಿ ಚೀನಾ ಪಾತ್ರೆಗಳ ಚೂರುಗಳು ಸಿಕ್ಕಿವೆ. ವಿಜಯಪುರದ ಗೋಲಗುಮ್ಮಟದ ಮುಂದಿನ ನಗಾರಖಾನೆಯಲ್ಲಿರುವ ವಸ್ತುಸಂಗ್ರಹಾಲಯದಲ್ಲಿ ಚೀನಾ ಪಿಂಗಾಣಿಯನ್ನು ಕಾಣಬಹುದು. ಪ್ರವಾಸಕ್ಕೆ ಹೋದ ವಿದ್ಯಾರ್ಥಿಗಳು ಅದನ್ನು ಬಿಟ್ಟು ಮಲಿಕ್-ಎ-ಮೈದಾನ್ ತೋಪಿನ ಬಳಿಗೆ ಓಡುತ್ತಿದ್ದುದು ನನಗೆ ಚೆನ್ನಾಗಿ ನೆನಪಿದೆ. 1549ರಲ್ಲಿ ಎರಕ ಹೊಯ್ದ ಆ ತೋಪಿನ ಬಾಯಿಯೂ ಆನೆಯನ್ನು ನುಂಗುತ್ತಿರುವ ಒಂದು ಘೋರಮೃಗ. ಮಕ್ಕಳು ಓಡಿದ್ದರಲ್ಲಿ ಆಶ್ಚರ್ಯವಿಲ್ಲ. ದಖ್ಖನ್ನಿನ ಸಿರಿವಂತರು ಡ್ರ್ಯಾಗನ್‌ಗಿಂತಲೂ ಹೆಚ್ಚಾಗಿ ಮೆಚ್ಚಿದ್ದು ಸೆಲಡನ್ ಎಂಬ ಹಸಿರು ಪಾತ್ರೆಯನ್ನು. ಗೋರಿ ತಟ್ಟೆ ಎಂದು ಅದನ್ನು ಕರೆಯುತ್ತಿದ್ದರು. ವಿಷ ಬೆರೆತ ಅನ್ನವನ್ನು ಬಡಿಸಿದರೆ ಅದು ಬಿರುಕು ಬಿಡುತ್ತದೆ ಎಂಬ ನಂಬಿಕೆಯಿತ್ತು. ಅಣ್ಣತಮ್ಮಂದಿರನ್ನೇ ನಂಬಲಾಗದ ಅರಮನೆಗಳಲ್ಲಿ ತಟ್ಟೆಯನ್ನಾದರೂ ನಂಬೋಣವೆಂದುಕೊಂಡರೇನೋ.

ಹೈದರಾಬಾದಿನ ಸಾಲಾರ್ ಜಂಗ್ ಸಂಗ್ರಹಾಲಯವನ್ನು ನಮ್ಮ ಭಾಗದವರು ನೋಡದೆ ಇರುವುದು ಕಡಿಮೆ. ವಾಡಿಯಿಂದ ಸಿಕಂದರಾಬಾದಿಗೆ 1874ರಲ್ಲಿಯೇ ರೈಲು ಬಂದಿದ್ದರಿಂದ ಚಿತ್ತಾಪುರದಲ್ಲಿ ಹತ್ತಿದರೆ ಹೈದರಾಬಾದು ನಮಗೆ ಬೆಂಗಳೂರಿಗಿಂತ ಎಷ್ಟೋ ಹತ್ತಿರ. 1949ರಲ್ಲಿ ತೀರಿಕೊಂಡ ಮೂರನೆಯ ಸಾಲಾರ್ ಜಂಗ್ ಮೀರ್ ಯೂಸುಫ್ ಅಲಿ ಖಾನರು ಕೂಡಿಹಾಕಿದ ವಸ್ತುಗಳನ್ನು 1951ರ ಡಿಸೆಂಬರಿನಲ್ಲಿ ಸಾರ್ವಜನಿಕರಿಗೆ ತೆರೆದರು. ಈಗಿನ ಕಟ್ಟಡಕ್ಕೆ ಅವು ಬಂದುದು 1968ರಲ್ಲಿ. ಗಂಟೆ ಹೊಡೆಯಲು ಗೊಂಬೆ ಹೊರಬರುವ ಗಡಿಯಾರದ ಮುಂದೆ ಜನ ಕಿಕ್ಕಿರಿದಿರುತ್ತಾರೆ. ಚೀನಾದ ಪಾತ್ರೆಗಳ ಮುಂದೆ ನಿಲ್ಲುವವರು ವಿರಳ. ಮುಂದಿನ ಸಲ ಹೋದಾಗ ಅಲ್ಲಿ ಸ್ವಲ್ಪ ಹೊತ್ತು ನಿಂತು, ಡ್ರ್ಯಾಗನ್ ಕಂಡರೆ ಉಗುರುಗಳನ್ನು ಎಣಿಸಿರಿ ಎಂದು ನನ್ನ ವಿನಂತಿ.

ಈಗ ಬಾಕಿ ಉಳಿದ ಒಂದು ಕಥೆಯನ್ನು ಹೇಳಬೇಕು. ನನ್ನ ಮಟ್ಟಿಗೆ ಡ್ರ್ಯಾಗನ್ ಪಿಂಗಾಣಿಯೆಂದರೆ ಅರಸರಿಗಿಂತ ಹೆಚ್ಚಾಗಿ ಈ ಕಥೆಯೇ ನೆನಪಿಗೆ ಬರುತ್ತದೆ. ಮಿಂಗ್ ವಂಶದ ವಾನ್ಲಿ ಚಕ್ರವರ್ತಿಯು 1573ರಿಂದ 1620ರವರೆಗೆ ಆಳಿದನು. ಅವನ ಅರಮನೆಗೆ ಡ್ರ್ಯಾಗನ್ ಚಿತ್ರವುಳ್ಳ ಬೃಹತ್ ಹಂಡೆಗಳು ಬೇಕಾಗಿದ್ದವು. ದೊಡ್ಡ ಪಾತ್ರೆಯನ್ನು ಸುಡುವುದು ಅತ್ಯಂತ ಕಠಿಣ. ಗೋಡೆ ದಪ್ಪವಾದರೆ ಒಳಗೆ ಬೇಯುವುದಿಲ್ಲ, ತೆಳುವಾದರೆ ತನ್ನ ಭಾರಕ್ಕೆ ತಾನೇ ಕುಸಿಯುತ್ತದೆ, ಆರುವಾಗ ಸೀಳುತ್ತದೆ. ಕಂದಾಯ ವಸೂಲಿಗೂ ಕುಲುಮೆಗಳ ಮೇಲ್ವಿಚಾರಣೆಗೂ ಬಂದಿದ್ದ ಪಾನ್ ಷಿಯಾಂಗ್ ಎಂಬ ಅರಮನೆಯ ಕಂಚುಕಿ ಕುಂಬಾರರನ್ನು ಹಿಂಸಿಸುತ್ತಿದ್ದನು. ಹಂಡೆಗಳು ಮತ್ತೆ ಮತ್ತೆ ಒಡೆದವು. 1599ರಲ್ಲಿ ತೊಂಗ್ ಬಿನ್ ಎಂಬ ಕುಲುಮೆಯ ಕೆಲಸಗಾರನು ತನ್ನ ಜೊತೆಗಾರರ ಬವಣೆಯನ್ನು ನೋಡಲಾರದೆ ಉರಿಯುವ ಕುಲುಮೆಯೊಳಕ್ಕೆ ಹಾರಿದನು. ಮರುದಿನ ಕುಲುಮೆ ತೆರೆದಾಗ ಹಂಡೆ ನಿರ್ದೋಷವಾಗಿತ್ತೆಂದು ಅಲ್ಲಿಯವರು ಹೇಳುತ್ತಾರೆ. ಕೆಲಸಗಾರರು ದಂಗೆಯೆದ್ದರು. ಕಡೆಗೆ ಅವನ ಹೆಸರಿನಲ್ಲಿ ಗುಡಿ ಕಟ್ಟಿ, ಗಾಳಿ ಬೆಂಕಿಗಳ ದೇವತೆಯೆಂದು ಪೂಜಿಸಿದರು.

ಕನ್ನಡಿಗರು ಈ ಕಥೆಯನ್ನು ಕೇಳಿ ಕೆರೆಗೆ ಹಾರವನ್ನು ನೆನೆಯದೆ ಇರಲಾರರು. ಅಲ್ಲಿ ನೀರು ಬಾರದ ಕೆರೆ, ಇಲ್ಲಿ ಪಾತ್ರೆ ನಿಲ್ಲದ ಕುಲುಮೆ. ಅಲ್ಲಿ ಸೊಸೆ ಭಾಗೀರಥಿ, ಇಲ್ಲಿ ಕೂಲಿಯ ತೊಂಗ್ ಬಿನ್. ಆದರೆ ಒಂದು ವ್ಯತ್ಯಾಸವನ್ನು ನಾನು ಒತ್ತಿ ಹೇಳುತ್ತೇನೆ. ಭಾಗೀರಥಿಯನ್ನು ಮನೆಯವರೇ ಬಲಿಗೆ ಆರಿಸಿದರು, ಊರಿಗೆ ನೀರಾದರೂ ಬಂದಿತು. ತೊಂಗ್ ಬಿನ್ ಸತ್ತುದು ಒಬ್ಬ ಅರಸನ ಹಂಡೆಗಾಗಿ. ಅವನ ಸಾವನ್ನು ಬಲಿಯೆನ್ನುವುದಕ್ಕಿಂತ ಪ್ರತಿಭಟನೆ ಎನ್ನುವುದೇ ಸರಿಯೆಂದು ನನಗೆ ತೋರುತ್ತದೆ. ದಂಗೆಯೆದ್ದ ಜೊತೆಗಾರರಿಗೂ ಅದು ಹಾಗೆಯೇ ತೋರಿರಬೇಕು. ನಮ್ಮ ಬೀದರ ಸೀಮೆಯ ಭಾಲ್ಕಿಯ ಕುಂಬಾರ ಗುಂಡಯ್ಯನ ಕಥೆಯನ್ನು ಹರಿಹರನು ರಗಳೆಯಾಗಿ ಹಾಡಿದ್ದಾನೆ. ಗುಂಡಯ್ಯನು ಗಡಿಗೆ ಬಡಿಯುವ ನಾದಕ್ಕೆ ಶಿವನೇ ಬಂದು ಕುಣಿದನಂತೆ. ಕುಂಬಾರನ ಕಾಯಕಕ್ಕೆ ದೇವರು ಒಲಿದ ಕಥೆ ನಮ್ಮದು. ಅರಮನೆಯೇ ಕುಂಬಾರನನ್ನು ಉರಿಗೆ ನೂಕಿದ ಕಥೆ ಅವರದು. ಎರಡನ್ನೂ ಒಂದೇ ತರಗತಿಯಲ್ಲಿ ಹೇಳುವ ಅವಕಾಶ ನನಗೆ ಸಿಗಲಿಲ್ಲ, ಪಠ್ಯಪುಸ್ತಕದಲ್ಲಿ ಅದಕ್ಕೆ ಸ್ಥಳವಿರಲಿಲ್ಲ.

ವಾನ್ಲಿ ಚಕ್ರವರ್ತಿಯ ಸಮಾಧಿಯನ್ನು ಚೀನಾದ ಪುರಾತತ್ವಜ್ಞರು 1956ರಿಂದ 1958ರವರೆಗೆ ಅಗೆದರು. ನೆಲಮಾಳಿಗೆಯಲ್ಲಿ ಅರಸ ಮತ್ತು ಇಬ್ಬರು ರಾಣಿಯರ ಕಲ್ಲಿನ ಪೀಠಗಳ ಮುಂದೆ ಡ್ರ್ಯಾಗನ್ ಚಿತ್ರದ ದೊಡ್ಡ ನೀಲಿ ಬಿಳಿ ಹಂಡೆಗಳಿದ್ದವು. ಅವುಗಳ ತುಂಬ ಎಣ್ಣೆ ತುಂಬಿ, ಬತ್ತಿ ಹಾಕಿ ನಂದಾದೀಪಗಳನ್ನಾಗಿ ಮಾಡಿದ್ದರು. ಬಾಗಿಲು ಮುಚ್ಚಿದ ಮೇಲೆ ಒಳಗೆ ಗಾಳಿಯಿಲ್ಲದೆ ದೀಪಗಳು ಬೇಗನೆ ಆರಿಹೋಗಿದ್ದವು. ಎಣ್ಣೆ ಇನ್ನೂ ಉಳಿದಿತ್ತು. ಹಂಡೆಗಳ ಮೇಲೆ ಇದ್ದ ಮುದ್ರೆ ವಾನ್ಲಿಯದಲ್ಲ, ಅವನ ಅಜ್ಜ ಜಿಯಾಜಿಂಗ್ ಚಕ್ರವರ್ತಿಯದು.

ತೊಂಗ್ ಬಿನ್ ಸತ್ತು ನೂರಮೂವತ್ತು ವರ್ಷಗಳ ಅನಂತರ, ಛಿಂಗ್ ಚಕ್ರವರ್ತಿಯ ಅಧಿಕಾರಿಯಾಗಿ 1728ರಲ್ಲಿ ಜಿಂಗ್‌ದೆಝೆನ್‌ಗೆ ಬಂದ ತಾಂಗ್ ಯಿಂಗ್ ಎಂಬವನು ಕುಂಬಾರರ ಜೊತೆಯಲ್ಲಿಯೇ ಉಂಡು ಮಲಗಿ ಆ ವಿದ್ಯೆಯನ್ನು ಕಲಿತನು. ತೊಂಗ್ ಬಿನ್‌ನ ಜೀವನವನ್ನು ಕುರಿತು ಲೇಖನ ಬರೆದವನು ಅವನೇ. ಹಳೆಯ ಕಾಲದ, ಆವಿಗೆಯಲ್ಲಿ ಕೆಟ್ಟುಹೋದ ಒಂದು ಡ್ರ್ಯಾಗನ್ ಹಂಡೆ ಮೂಲೆಯಲ್ಲಿ ಬಿದ್ದಿರುವುದನ್ನು ಅವನು ಕಂಡನು. ಜನರಿ‌ಂದ ಹೊರಿಸಿಕೊಂಡು ಹೋಗಿ ತೊಂಗ್ ಬಿನ್‌ನ ಗುಡಿಯ ಪಕ್ಕದಲ್ಲಿ ಎತ್ತರವಾದ ಪೀಠದ ಮೇಲೆ ಅದನ್ನು ಇರಿಸಿದನು. ಒಡಕು ಪಾತ್ರೆಗೆ ಇಂಥ ಮರ್ಯಾದೆ ಏಕೆಂದು ಕೇಳಿದವರಿಗೆ ಉತ್ತರವಾಗಿ ಆ ಹಂಡೆಯ ಕುರಿತೇ ಅವನು ಇನ್ನೊಂದು ಲೇಖನ ಬರೆದಿದ್ದಾನೆ.